ಗೋಡೆಗೆ ನೀರು ಕುಡಿಸಿದ ವರ್ಷ

ಸಿರಿಗೆರೆಯ ಕಾಲೇಜಿನಿಂದ ಮನೆಗೆ ಬರುವಾಗ ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಬೇಕು. ಒಂದನ್ನು ಇಳಿದು ಇನ್ನೊಂದನ್ನು ಹತ್ತುವುದರ ನಡುವೆ ನಾನು ಎಲ್ಲಿಯೂ ನಿಲ್ಲುವವಳಲ್ಲ. ಕಳೆದ ವಾರ ನಿಂತೆ. ಬಸ್ ನಿಲ್ದಾಣದ ಪಕ್ಕದಲ್ಲಿ ಹೊಸ ಕಟ್ಟಡವೊಂದು ಏಳುತ್ತಿದೆ. ಅದರ ಕೆಳಗಿನ ನೆಲಮಾಳಿಗೆಯಿಂದ ಒಂದು ವಾಸನೆ ಮೇಲೆ ಬಂತು. ಹಸಿ ಸಿಮೆಂಟಿನ ವಾಸನೆ ಎಲ್ಲರಿಗೂ ಗೊತ್ತು. ಇದು ಅದರೊಳಗೆ ಸೇರಿಕೊಂಡಿದ್ದ ಇನ್ನೊಂದು, ಹಾಲು ಹುಳಿಯಾದಂತೆ, ಅಂಟು ಕಲಸಿದಂತೆ. ಕಾಲು ತಾನಾಗಿ ಮೆಟ್ಟಿಲಿಳಿಯಿತು. ಕೆಳಗೆ ಒಬ್ಬ ಅಗಲವಾದ ಬ್ರಷ್ಷಿನಿಂದ ಗೋಡೆಗೆ ಬೂದು ಬಣ್ಣದ ಗಂಜಿಯಂಥದ್ದನ್ನು ಬಳಿಯುತ್ತಿದ್ದ.

"ಏನ್ ಬೇಕಿತ್ತಕ್ಕ?" ಎಂದ.

"ಏನಿಲ್ಲಪ್ಪ. ಸುಮ್ನೆ ನೋಡಾಕೆ ಬಂದೆ."

"ಪೇಂಟ್ ಅಲ್ಲಕ್ಕ ಇದು. ನೀರು ಬರ್ದಂಗೆ ಬಳಿಯೋದು."

"ಗೊತ್ತು. ಇವತ್ತು ಅಡ್ಡ ಬಳೀತಿದೀಯಾ, ಉದ್ದಾನಾ?"

ಅವನು ತಿರುಗಿ ನೋಡಿ ನಕ್ಕ. "ಇವತ್ತು ಅಡ್ಡ, ನಾಳೆ ಉದ್ದ. ನಿಮ್ಮನ್ಯಾಗೂ ಮಾಡ್ಸಿದ್ರಾ?"

ಮಾಡಿಸಿದ್ದೆವು. ಹೊಸದುರ್ಗದ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಮುಂದಿನ ಬಸ್ಸಿಗೆ ಕಾಯುತ್ತ ಕುಳಿತಾಗ ಮಾವನ ಕಾಲುಗಳು ನೆನಪಾದವು. ಮುಖಕ್ಕಿಂತ ಮೊದಲು ಕಾಲು.

ನಾನು ಇತಿಹಾಸ ಪಾಠ ಮಾಡುವವಳು. ಒಬ್ಬರೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತೇನೆ. ನಮ್ಮ ಮನೆಯೊಳಗೆ ನೀರು ಬಂದ ಆ ಮಳೆಗಾಲದ ಮಟ್ಟಿಗೆ ಹೆಚ್ಚುಕಡಿಮೆ ನಾನೊಬ್ಬಳೇ ಸಾಕ್ಷಿ. ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಆ ತಿಂಗಳುಗಳಲ್ಲಿ ಬರೆದದ್ದು ಬಹುಪಾಲು 'ಗೋಡೆ ಇನ್ನೂ ಹಸಿ', 'ಸಾರಿಗೆ ಹುಳಿ ಹೆಚ್ಚಾಯಿತು' ಇಂಥವೇ. ಉಳಿದದ್ದನ್ನು ತಲೆ ಇಟ್ಟುಕೊಂಡಿದೆ. ತಲೆ ಇಟ್ಟುಕೊಂಡದ್ದು ಹಾಗೆಯೇ ಇರುತ್ತದೆ ಎಂಬ ಭರವಸೆ ನನಗಿಲ್ಲ.

ನಮ್ಮ ಮನೆ ಹೊಸದುರ್ಗದ ಅಂಚಿನಲ್ಲಿದೆ. ರಸ್ತೆಯಿಂದ ಹಿಂದಿನ ತೆಂಗಿನ ತೋಟದ ಕಡೆಗೆ ನೆಲ ಇಳಿಜಾರು. ಮನೆ ಕಟ್ಟುವಾಗ ತಗ್ಗಿಗೆ ಮಣ್ಣು ತುಂಬುವ ಬದಲು ಅಲ್ಲೊಂದು ಕೋಣೆಯನ್ನೇ ಮಾಡೋಣ ಎಂದುಕೊಂಡೆವು. ಹೀಗೆ ನಮಗೊಂದು ನೆಲಮಾಳಿಗೆಯಾಯಿತು. ಗೋಡೆ ಏಳುವಾಗ ಮೇಸ್ತ್ರಿ ಕೇಳಿದ್ದ, "ಹೊರಗಡೆಯಿಂದ ವಾಟರ್‌ಪ್ರೂಫ್ ಬಳ್ಸಾಣೇನ್ರಿ?" ನನ್ನ ಗಂಡ ತಿಪ್ಪೇಶ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು, ಅವರ ಮಾತು ಯಾವಾಗಲೂ ಮೈದಾನದ ಆ ತುದಿಗೆ ಕೇಳುವಂತಿರುತ್ತದೆ. "ನಮ್ ಸೀಮ್ಯಾಗೆ ನೀರು ಬರ್ಲಿ ಅಂತ ದೇವ್ರಿಗೆ ಕೈ ಮುಗೀತಾರೆ, ನೀನು ಬರ್ದಂಗೆ ಮಾಡಾಣ ಅಂತೀಯಲ್ಲಪ್ಪ!" ಎಂದರು. ಮೇಸ್ತ್ರಿಯೂ ನಕ್ಕ. ನಾನೂ ನಕ್ಕೆ. ಕೊಳವೆಬಾವಿ ಕೊರೆದರೆ ಬಿಳಿ ಹುಡಿ ಹಾರುವುದನ್ನು ನೋಡಿಕೊಂಡೇ ಬೆಳೆದ ನಮಗೆ, ನೀರು ತಾನಾಗಿ ಮನೆಯೊಳಗೆ ಬರುತ್ತದೆ ಎಂಬುದು ಹಾಸ್ಯದ ಮಾತಾಗಿತ್ತು.

ಮನೆ ಮುಗಿದು ಎರಡು ವರ್ಷಕ್ಕೆ ಮಾವ, ತಿಪ್ಪೇಶನ ಅಪ್ಪ, ನಮ್ಮಲ್ಲಿಗೆ ಬಂದರು. ಹೆಸರು ಕರಿಯಪ್ಪ. ಜವನಗೊಂಡನಹಳ್ಳಿಯ ಕಡೆಯವರು, ಕುರಿಗಾರರ ಮನೆತನ. ಬೇಸಿಗೆ ಬಂದರೆ ಹಿಂಡು ಹೊಡೆದುಕೊಂಡು ನೀರಿದ್ದ ಕಡೆ ಹೋಗುವುದು, ಮಳೆಗೆ ಊರಿಗೆ ಮರಳಿ ಮಗ್ಗದಲ್ಲಿ ಕೂತು ಕಂಬಳಿ ನೇಯುವುದು, ಇಷ್ಟರಲ್ಲೇ ಅವರ ಆಯುಷ್ಯ ಕಳೆದಿತ್ತು. ಅತ್ತೆ ತೀರಿಕೊಂಡ ಮೇಲೆ ಮೊಣಕಾಲೂ ಕೈಕೊಟ್ಟಿತು. ಹಿಂಡನ್ನು ಅಣ್ಣನ ಮಗನಿಗೆ ಒಪ್ಪಿಸಿ, ಮಗ್ಗದ ಮರಗಳನ್ನು ಬಿಚ್ಚಿ ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದಿಳಿದರು. ಜೊತೆಗೆ ಒಂದು ಚೀಲ. ಅದರ ತುಂಬ ಕಪ್ಪು ಉಣ್ಣೆಯ ನೂಲಿನ ಉಂಡೆಗಳು.

ಆ ಉಂಡೆಗಳನ್ನು ಕುರಿತು ಹೇಳಬೇಕು. ನಮ್ಮಲ್ಲಿ ಮದುವೆಯಲ್ಲಿ ಹೆಣ್ಣುಗಂಡನ್ನು ಕಂಬಳಿಯ ಮೇಲೆ ಕೂರಿಸುತ್ತಾರೆ. ಕಂಬಳಿ ಇಲ್ಲದೆ ಶಾಸ್ತ್ರ ಶುರುವಾಗುವುದಿಲ್ಲ. ಅತ್ತೆಗೆ ಒಂದು ಹಟವಿತ್ತು: "ಅಂಗಡಿ ಕಂಬಳಿ ಮ್ಯಾಲೆ ನನ್ನ ಮಗಳು ಕುಂದ್ರಬಾರ್ದು." ಮಗಳೆಂದರೆ ಭಾಗ್ಯ, ನನ್ನ ನಾದಿನಿ, ಹೊಸದುರ್ಗದ ಆಸ್ಪತ್ರೆಯಲ್ಲಿ ನರ್ಸು, ನಮ್ಮ ಜೊತೆಯಲ್ಲೇ ಇದ್ದಳು. ಅವಳಿಗೆ ಗಂಡು ಗೊತ್ತಾಗುವ ಮೊದಲೇ ಅತ್ತೆ ತಮ್ಮ ಕುರಿಗಳ ಉಣ್ಣೆಯನ್ನು ಹಿಂಜಿ ನೂತು ಇಟ್ಟಿದ್ದರು. ನೇಯುವ ಹೊತ್ತಿಗೆ ಅವರಿರಲಿಲ್ಲ. ಒಂದು ಕಂಬಳಿಗೆ ಆಗುವಷ್ಟು ನೂಲು ಅದು, ಹೆಚ್ಚಿಲ್ಲ. ಕೆಟ್ಟರೆ ಮತ್ತೆ ನೂಲುವ ಕೈ ಇಲ್ಲ.

ಭಾಗ್ಯಳಿಗೆ ಹಿರಿಯೂರಿನ ಕಡೆ ಗಂಡು ಗೊತ್ತಾಗಿ, ಕಾರ್ತಿಕದಲ್ಲಿ ಮದುವೆ ಎಂದು ನಿಶ್ಚಯವಾದ ವಾರವೇ ಮಾವ ಮಗ್ಗ ಹೂಡಲು ನೆಲಮಾಳಿಗೆಗೆ ಇಳಿದರು. ಅವರದು ಗುಣಿ ಮಗ್ಗ. ನೇಯುವವರು ನೆಲದ ಮೇಲೆ ಕೂತು ಕಾಲನ್ನು ಗುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯಬೇಕು. ತಿಪ್ಪೇಶ ಶಾಲೆಯ ಮಕ್ಕಳನ್ನು ಕ್ರೀಡಾಕೂಟಕ್ಕೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಮರಳಿ ಬರುವಷ್ಟರಲ್ಲಿ ನಡುನೆಲದಲ್ಲಿ ಗುಣಿ ಸಿದ್ಧವಾಗಿತ್ತು.

"ಅಪ್ಪಾ! ಕಾಂಕ್ರೀಟ್ ಒಡೆದಾಕಿದೀಯಲ್ಲ!"

"ಮತ್ತೆ ಕಾಲು ಎಲ್ಲಿ ಇಳಿಬಿಡ್ಲೋ? ನಿನ್ ತಲೆ ಮ್ಯಾಲಾ?"

ಅಲ್ಲಿಗೆ ಮಾತು ಮುಗಿಯಿತು. ಹುಣಸೆ ಬೀಜ ಹುರಿದು, ಬೀಸಿ, ಕಾಯಿಸಿದ ಗಂಜಿಯನ್ನು ಹಾಸಿಗೆ, ಅಂದರೆ ಮಗ್ಗದ ಉದ್ದಕ್ಕೆ ಹಾಯುವ ನೂಲಿಗೆ, ಕುಂಚದಿಂದ ಬಳಿದು, ಹಿತ್ತಲ ಬಿಸಿಲಲ್ಲಿ ಬಿರಬಿರನೆ ಒಣಗಿಸಿ, ಮಗ್ಗಕ್ಕೆ ಏರಿಸಿದರು. ಮನೆಯ ಕೆಳಗಿನಿಂದ ದಿನವಿಡೀ ಸದ್ದು ಬರತೊಡಗಿತು. ಪರೀಕ್ಷೆಯ ಪತ್ರಿಕೆ ತಿದ್ದುವಾಗ ಆ ಸದ್ದಿಗೆ ನನ್ನ ಕೈ ಹೊಂದಿಕೊಳ್ಳುತ್ತಿತ್ತು.

ಆಮೇಲೆ ಮಳೆ ಬಂತು. ಮಾರಿಕಣಿವೆಯ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಅದು. ಜೀವಮಾನದಲ್ಲಿ ನೋಡುತ್ತೇವೆಂದು ಯಾರೂ ಅಂದುಕೊಂಡಿರಲಿಲ್ಲ. ವೇದಾವತಿ ಹರಿಯುವುದನ್ನು ನೋಡಲು ಜನ ಬೈಕು, ಟ್ರ್ಯಾಕ್ಟರು ಹತ್ತಿ ಹೋಗುತ್ತಿದ್ದರು. ನನ್ನ ತರಗತಿ ಅರ್ಧ ಖಾಲಿಯಾಗಿರುತ್ತಿತ್ತು. ಕೇಳಿದರೆ "ಕೋಡಿ ನೋಡಾಕೆ ಹೋಗಿದ್ವಿ ಮೇಡಂ" ಎನ್ನುವುದು. ಬೈಯಲು ನನಗೂ ಮನಸ್ಸು ಬರುತ್ತಿರಲಿಲ್ಲ, ಭಾನುವಾರ ನಾನೂ ಹೋಗಿ ಬಂದಿದ್ದೆ. ಬತ್ತಿ ಹೋಗಿದ್ದ ಹಾಳುಬಾವಿಗಳಲ್ಲಿ ಬಾಗಿದರೆ ಕೈಗೆ ನೀರು ಸಿಗುತ್ತಿತ್ತು. ಊರಿಗೆ ಊರೇ ಹಬ್ಬದ ಮುಖ ಹೊತ್ತಿತ್ತು.

ಒಂದು ಬೆಳಿಗ್ಗೆ ಮಾವ ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದರು. ಅಂಗಾಲು ಕಂಡಿತು. ಬೆಳ್ಳಗೆ, ಸುಕ್ಕುಸುಕ್ಕಾಗಿ, ಇಡೀ ದಿನ ಹೊಳೆಯಲ್ಲಿ ಬಟ್ಟೆ ಒಗೆದವರ ಕೈಯಂತೆ ಇತ್ತು.

"ಮಾವ, ಕಾಲು ಯಾಕೆ ಹಿಂಗಾಗ್ಯಾವೆ?"

ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. "ಕುರಿ ತೊಳೆದೆ ಕಣವ್ವ."

"ಕುರಿ ಎಲ್ಲೈತೆ ಮಾವ?"

ಅವರು ಲೋಟದೊಳಗೆ ನೋಡಿದರು. ನಾನು ಕೆಳಗೆ ಇಳಿದು ಹೋದೆ.

ಗುಣಿಯಲ್ಲಿ ನೀರು. ಕೆಸರಲ್ಲ, ತಿಳಿಯಾದ ನೀರು, ಮೀನಖಂಡದವರೆಗೆ ಬರುವಷ್ಟು. ತುಳಿಯುವ ಹಲಗೆಗಳು ಅದರೊಳಗೆ ಮುಳುಗಿದ್ದವು. ಗುಣಿಯ ಅಂಚಿಗೆ ಅರಿಶಿನ ಕುಂಕುಮ ಇಟ್ಟು ಒಂದು ಚೆಂಡುಹೂ ಏರಿಸಿತ್ತು. ತೋಟದ ಕಡೆಯ ಗೋಡೆಯ ಬುಡ ಕಪ್ಪಾಗಿ, ಅದರ ಮೇಲೆ ಬಿಳಿ ಉಪ್ಪು ಹೂವಿನಂತೆ ಎದ್ದಿತ್ತು. ಗೋಡೆಯ ಹತ್ತಿರದ ಹಾಸು ಮುಟ್ಟಿದರೆ ಕೈಗೆ ಅಂಟುತ್ತಿತ್ತು, ಅಲ್ಲಲ್ಲಿ ಬೂಷ್ಟು. ಮಾವ ಹಿಂದೆಯೇ ಇಳಿದು ಬಂದಿದ್ದರು.

"ಯಾವಾಗಿಂದ ಮಾವ?"

"ಗೌರಿ ಹಬ್ಬ ಆದಾಗಿಂದ. ಹೇಳಿದ್ರೆ ಗುಣಿ ಮುಚ್ಚಿಸ್ತಿದ್ರಿ." ಆಮೇಲೆ ದನಿ ಇಳಿಸಿ ಹೇಳಿದರು: "ಎಷ್ಟು ತಣ್ಣಗೈತೆ ಗೊತ್ತೇನವ್ವ. ನೀರು ಹುಡುಕ್ಕಂಡು ನಾನು ಎಲ್ಲೆಲ್ಲಿ ಅಲೆದೆ. ಈಗ ನೋಡು, ಅದೇ ನನ್ನ ಹುಡುಕ್ಕಂಡು ಬಂದು ಕಾಲು ಹಿಡ್ಕಂಡೈತೆ."

'ಕಾಲು ಹಿಡ್ಕಂಡೈತೆ' ಎಂದು ಅವರೇ ಅಂದರೋ, ಎಷ್ಟೋ ಸಲ ಈ ಕಥೆ ಹೇಳುತ್ತ ನಾನು ಸೇರಿಸಿದೆನೋ ಈಗ ಹೇಳಲಾರೆ. ತಣ್ಣಗೈತೆ ಎಂದದ್ದು ಮಾತ್ರ ನಿಜ. ನಾನೂ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ನೋಡಿದ್ದೆ.

ಹಿರಿಯೂರಿನಿಂದ ಬಾಷಾ ಬಂದ. ತಿಪ್ಪೇಶನ ಗೆಳೆಯರೊಬ್ಬರು ಹೇಳಿ ಕಳಿಸಿದ್ದು. ಬೈಕಿನ ಹಿಂದೆ ಬಕೆಟ್ಟು, ಬ್ರಷ್ಷು, ಬಾಯಿ ತುಂಬ ತನ್ನ ಕೆಲಸದ ಹೊಗಳಿಕೆ. "ನಾನು ಬಳಿದ ಟ್ಯಾಂಕಿಂದ ಒಂದು ಇರುವೆ ಕುಡಿಯೋವಷ್ಟು ನೀರು ಆಚೆ ಬಂದಿದ್ರೆ ಕೇಳ್ರಿ!" ಕೆಳಗಿಳಿದು ಗುಣಿ ನೋಡಿದವನೇ ಸೊಂಟದ ಮೇಲೆ ಕೈ ಇಟ್ಟ.

"ಈ ಸ್ವಿಮ್ಮಿಂಗ್ ಪೂಲ್ ಯಾರು ಮಾಡ್ಸಿದ್ದು?"

"ನಾನು," ಎಂದರು ಮಾವ. "ಈಜಾಕೆ ಬರ್ತೈತಾ ನಿಂಗೆ?"

ಬಾಷಾ ನಕ್ಕನಾದರೂ ಹೇಳಬೇಕಾದ್ದನ್ನು ಬಿಡಲಿಲ್ಲ. ಗೋಡೆಗೆ ಒಳಗಿನಿಂದ ಬಳಿಯಬಹುದು, ನೆಲಕ್ಕೂ ಬಳಿಯಬಹುದು. ಆದರೆ ನೆಲದಲ್ಲಿ ಬಾಯಿ ತೆರೆದ ಗುಣಿ ಇರುವ ತನಕ ಏನು ಬಳಿದರೂ ದಂಡ. ಮೊದಲು ಅದನ್ನು ಮುಚ್ಚಬೇಕು.

ಮಾವನ ಮುಖ ಬಿಗಿಯಿತು. "ತಾನಾಗೇ ಬಂದ ಗಂಗವ್ವನ ಬಾಯಿಗೆ ಮಣ್ಣು ಹಾಕ್ಬೇಕಾ? ಈ ಸೀಮ್ಯಾಗೆ ಹುಟ್ಟಿದೋನು ಮಾಡೋ ಕೆಲ್ಸನಾ ಅದು?"

ತಿಪ್ಪೇಶ ಗೋಡೆಯ ಉಪ್ಪನ್ನು ಉಗುರಿನಲ್ಲಿ ಕೆರೆಯುತ್ತ ನಿಂತಿದ್ದರು. ಆಗ ಭಾಗ್ಯ, ಡ್ಯೂಟಿಗೆ ಹೊರಟವಳು, ಮೆಟ್ಟಿಲ ಮೇಲಿನಿಂದಲೇ ಅಂದಳು:

"ಅಪ್ಪಾ, ಕಂಬಳಿ ಇಲ್ಲಾಂದ್ರೂ ಮದ್ವೆ ಆಗ್ತೈತೆ ಬಿಡು. ಚಾಪೆ ಮ್ಯಾಲೆ ಕುಂತ್ಕಂತೀನಿ."

ಸಮಾಧಾನಕ್ಕೆಂದೇ ಅವಳು ಅಂದದ್ದು. ಆದರೆ ಮಾವ ಒಮ್ಮೆಲೇ ಮುದುಕರಾದಂತೆ ಕಂಡರು. ಮಗ್ಗದ ಹತ್ತಿರ ಹೋಗಿ, ಅಂಟುತ್ತಿದ್ದ ಹಾಸಿನ ಮೇಲೆ ಅಂಗೈ ಇಟ್ಟು ನಿಂತರು. ಅತ್ತೆ ನೂತ ನೂಲು. ಕೊನೆಗೆ ಬಾಷಾನ ಕಡೆ ತಿರುಗದೆ ಹೇಳಿದರು:

"ಮುಚ್ಚಪ್ಪ. ಆದ್ರೆ ಗಂಗವ್ವನಿಗೆ ಒಂದು ದಾರಿ ಬಿಡು."

"ಬಿಡ್ಲೇಬೇಕು ಯಜಮಾನ್ರೆ," ಎಂದ ಬಾಷಾ, ಈಗ ತಮಾಷೆಯಿಲ್ಲದೆ. "ದಾರಿ ಬಿಡದೆ ಬಳಿದ್ರೆ ನೀರು ನನ್ನ ಕೆಲ್ಸಾನೇ ಕಿತ್ತು ಬಿಸಾಕ್ತೈತೆ. ಒಂದು ಪೈಪ್ ಇಡ್ತೀನಿ. ಬಳಿದಿದ್ದು ಗಟ್ಟಿ ಆಗೋವರ್ಗೂ ನೀರು ಅದ್ರಾಗೆ ಬರ್ಲಿ. ಆಮೇಲೆ ಪೈಪ್ ಬಾಯಿ ಬಂದ್ ಮಾಡಾದು."

"ಬಂದ್ ಮಾಡ್ಬ್ಯಾಡ."

"ಹಂಗಾದ್ರೆ ಮೂಲ್ಯಾಗೆ ಒಂದು ಪುಟ್ಟ ತೊಟ್ಟಿ ಕಟ್ಟಣ. ಅಲ್ಲಿಂದ ಮೋಟರ್‌ನಾಗೆ ತೆಂಗಿನ ಮರಕ್ಕೆ ಬಿಡ್ರಿ."

ಹೀಗೆ ಒಪ್ಪಂದವಾಯಿತು.

ಮಗ್ಗ ಬಿಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ನೇಯ್ದ ಭಾಗವನ್ನೂ ನೇಯಬೇಕಾದ ಹಾಸನ್ನೂ ಸುರುಳಿ ಸುತ್ತಿ, ಅತ್ತೆಯ ಹಳೆಯ ಸೀರೆಯಲ್ಲಿ ಕಟ್ಟಿ, ನಡುಮನೆಯ ತೊಲೆಯ ಕೊಂಡಿಗೆ ತೂಗುಹಾಕಿದೆವು, ಗಾಳಿಯಾಡಲಿ ಎಂದು. ದೂರದಿಂದ ಥೇಟ್ ತೊಟ್ಟಿಲು. ಮಾವ ಅದರ ಕೆಳಗೇ ಹಾಸಿಗೆ ಹಾಕಿಕೊಂಡರು. ಓಡಾಡುವಾಗೆಲ್ಲ ಅದನ್ನೊಮ್ಮೆ ಮುಟ್ಟಿ ಹೋಗುವರು, ಅದು ಸಣ್ಣಗೆ ತೂಗುವುದು. ಎದುರು ಮನೆಯಾಕೆ ಕಿಟಕಿಯಲ್ಲಿ ನೋಡಿ ಓಡಿ ಬಂದಳು, "ಏನ್ರಿ, ನಮ್ಗೊಂದು ಮಾತೂ ಹೇಳ್ಲಿಲ್ಲ! ಯಾರ್ದು ಮಗು?" ನಮಗೆ ಮಕ್ಕಳಿಲ್ಲ. ಮಾವ ಕೂತಲ್ಲಿಂದಲೇ ಅಂದರು, "ನಮ್ ಮನೆ ಕೂಸು ಕಣಮ್ಮ. ಮಲಗೈತೆ, ಮೆಲ್ಲಗೆ ಮಾತಾಡು." ಆಕೆ ಹೋದ ಮೇಲೆ ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ನಗುತ್ತ ನಗುತ್ತ ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಿದರೋ ಇಲ್ಲವೋ, ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು.

ಬಾಷಾ ಗುಣಿಯ ನೀರು ಎತ್ತಿ, ಪೈಪಿಟ್ಟು, ಕಲ್ಲು ಕಾಂಕ್ರೀಟು ತುಂಬಿದ. ಗೋಡೆಯ ಉಪ್ಪನ್ನೆಲ್ಲ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದ. ಗೋಡೆ ನೆಲಕ್ಕೆ ಸೇರುವ ಮೂಲೆಯನ್ನು ಗಾರೆ ಹಾಕಿ ದುಂಡಗೆ ಮಾಡಿದ. ನೀರು ಮೊದಲು ಹುಡುಕುವುದೇ ಮೂಲೆಯನ್ನಂತೆ. ಆಮೇಲೆ ಪುಡಿಗೆ ಬಿಳಿ ದ್ರವ ಸುರಿದು ಕಲಸಿ, ಒದ್ದೆ ಮಾಡಿದ ಗೋಡೆಗೆ ಅಡ್ಡಡ್ಡ ಬಳಿದ. ಆಗಲೇ ಆ ಹುಳಿಹಾಲಿನ ವಾಸನೆ ಮನೆ ತುಂಬಿದ್ದು. ದ್ರವ ಸಾಲದು, ಚಿತ್ರದುರ್ಗದಿಂದ ತರಬೇಕು, ನಾಳೆ ಬರುವುದಿಲ್ಲ, ನಾಡಿದ್ದು ಬಂದು ಎರಡನೆಯದನ್ನು ಬಳಿಯುತ್ತೇನೆ ಎಂದ. "ನೋಡ್ಕಂಡಿರ್ರಿ ಗ್ವಾಡೆನ" ಎಂದು ಹೇಳಿ ಹೊರಟ. ನೋಡಿಕೊಳ್ಳುವುದೆಂದರೆ ಏನೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಾರನೆಯ ದಿನ ಕಾಲೇಜಿನಿಂದ ಬಂದಾಗ ನೆಲಮಾಳಿಗೆಯ ಮೆಟ್ಟಿಲಲ್ಲಿ ಬೆಚ್ಚನೆ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಬಾಗಿಲು ಕಿಟಕಿ ಎಲ್ಲ ತೆರೆದಿದ್ದವು. ಗೋಡೆಯ ಬುಡದುದ್ದಕ್ಕೂ ಇದ್ದಿಲು ತುಂಬಿದ ಬಾಂಡ್ಲಿಗಳು ಕೆಂಪಗೆ ಉರಿಯುತ್ತಿದ್ದವು. ಮಾವ ಮೊರ ಹಿಡಿದು ಗೋಡೆಗೆ ಗಾಳಿ ಹಾಕುತ್ತಿದ್ದರು. ಬೆವರಿನಲ್ಲಿ ಬನಿಯನ್ನು ಮೈಗಂಟಿತ್ತು. ಹೊರಗೆ ಜಿನುಗು ಮಳೆ.

"ಮುಟ್ಟಿ ನೋಡವ್ವ, ಹೆಂಗೆ ಒಣಗೈತೆ! ಬಿಸ್ಲಿಲ್ಲ ಅಂತ ಬಿಟ್ರೆ ಆಗ್ತೈತಾ? ನಾಳೆ ಬಾಷಾ ಬಳಿದ ತಕ್ಷಣ ಇದನ್ನೇ ಮಾಡಿದ್ರೆ ವಾರದಾಗೆ ಮಗ್ಗ ಹೂಡಬೌದು."

ಮುಟ್ಟಿದೆ. ಅಂಗೈಗೆ ಬೂದು ಹುಡಿ ಬಂತು. ಅದೂ ಒಂದು ಲಕ್ಷಣವೇ ಇರಬೇಕು ಎಂದುಕೊಂಡೆ. ಅವರ ಮುಖದಲ್ಲಿ ಅಷ್ಟು ಗೆಲುವಿತ್ತು.

ಬಾಷಾ ಬಂದು ಗೋಡೆಯ ಮೇಲೆ ಕೈ ಆಡಿಸಿದ. ಹುಡಿ ಉದುರಿತು. ಕೂದಲೆಳೆಯ ಬಿರುಕುಗಳು ಗೋಡೆಯ ತುಂಬ ಬಲೆ ಹೆಣೆದಿದ್ದವು.

"ಯಾರ್ರೀ ಬೆಂಕಿ ಹಾಕಿದ್ದು?"

"ನಾನೇ," ಎಂದರು ಮಾವ. "ಗಂಜಿ ಬಳಿದ ಮ್ಯಾಲೆ ಬಿರ್ರನೆ ಒಣಗಿಸ್ಬೇಕಲ್ಲಪ್ಪ. ಇಲ್ದಿದ್ರೆ ಹಳಸ್ತೈತೆ."

"ಇದು ಗಂಜಿ ಅಲ್ಲ ಯಜಮಾನ್ರೆ, ಸಿಮೆಂಟು. ಹಿಂಗೆ ಒಣಗಿಸಿದ್ರೆ ಸಾಯ್ತೈತೆ. ನೀರು ಕುಡಿದು ಕುಡಿದೇ ಗಟ್ಟಿ ಆಗ್ಬೇಕು."

ಮಾವ ನಂಬಲಿಲ್ಲ. "ನೀರು ಬರಬಾರ್ದು ಅಂತ ಬಳಿಯೋದಕ್ಕೆ ನೀರೇ ಕುಡಿಸ್ಬೇಕಾ?"

"ಹೂಂ ಮತ್ತೆ. ನಾನೂ ಹೇಳ್ದೆ ಹೋದೆ, ನಂದೂ ತಪ್ಪೈತೆ."

ಮತ್ತೆ ಎಲ್ಲವನ್ನೂ ಕೆರೆಯಬೇಕು. ಮದುವೆ ಹತ್ತಿರವಾಗುತ್ತಿತ್ತು. ಅಂದು ಮಧ್ಯಾಹ್ನ ಮಾವ ಊಟ ಮಾಡಲಿಲ್ಲ ಎಂದು ದಿನಚರಿಯಲ್ಲಿದೆ. ನನ್ನ ನೆನಪಿನಲ್ಲಿ ಅವರು ಊಟ ಮಾಡಿದರು, ಸಾರಿಗೆ ಉಪ್ಪು ಕಮ್ಮಿ ಎಂದೂ ಹೇಳಿದರು. ಎರಡರಲ್ಲಿ ಯಾವುದನ್ನು ನಂಬಲಿ? ಬರೆದದ್ದು ಅಂದೇ ಬರೆದದ್ದು. ಆದರೆ ಉಪ್ಪಿನ ಮಾತನ್ನು ನಾನು ಎಲ್ಲಿಂದ ತಂದೆ?

ಬಾಷಾ ಎರಡು ದಿನ ಗೋಡೆ ಕೆರೆದ. ಗೊಣಗಿದ, ಆದರೆ ಮಾವ ಎದುರು ಬಂದಾಗ ಗೊಣಗಲಿಲ್ಲ. ಮತ್ತೆ ಬಳಿಯುವ ದಿನ ಕಲಸಿದ್ದೆಲ್ಲ ಸಿದ್ಧವಾದ ಮೇಲೆ, ಮೆಟ್ಟಿಲ ಮೇಲೆ ಮುದುಡಿ ಕೂತಿದ್ದ ಮಾವನನ್ನು ಕರೆದ.

"ಬರ್ರಿ ಯಜಮಾನ್ರೆ, ಯಾಕೆ ನೆಂಟ್ರಂಗೆ ಕುಂತೀರಿ? ಬ್ರಷ್ ಹಿಡೀರಿ. ಗಂಜಿ ಬಳಿದ ಕೈಯಲ್ವಾ?"

ಮಾವ ಪಂಚೆ ಎತ್ತಿ ಕಟ್ಟಿದರು. ಮೊದಲು ಅಳುಕಿದ ಕೈ ಆಮೇಲೆ ತನ್ನ ಹಾದಿ ಹಿಡಿಯಿತು. ಹಾಸಿನ ಮೇಲೆ ಕುಂಚ ಎಳೆಯುತ್ತಿದ್ದಂತೆಯೇ ಎಡದಿಂದ ಬಲಕ್ಕೆ ನಿಲ್ಲಿಸದ ಒಂದೇ ಎಳೆತ. ಬಾಷಾ ಬಳಿದದ್ದು ಎಲ್ಲಿ ಮುಗಿಯಿತು, ಮಾವ ಬಳಿದದ್ದು ಎಲ್ಲಿಂದ ಶುರುವಾಯಿತು ಎಂಬಲ್ಲಿ ಒಂದು ಗೆರೆ ಬಿತ್ತು, ಮಾವನ ಕಡೆ ಸ್ವಲ್ಪ ದಪ್ಪ. ಮರುದಿನ ಎರಡನೆಯ ಸಲ ಮೇಲಿನಿಂದ ಕೆಳಕ್ಕೆ ಉದ್ದುದ್ದ ಬಳಿಯತೊಡಗಿದಾಗ ಮಾವ ಒಮ್ಮೆಲೇ ಕೈ ನಿಲ್ಲಿಸಿದರು.

"ಲೇ ಬಾಷಾ, ನೀನೂ ನೇಯೋನೇ ಕಣಲೇ."

"ಏನಂದ್ರಿ?"

"ನಿನ್ನೆ ಅಡ್ಡ, ಇವತ್ತು ಉದ್ದ. ಹೊಕ್ಕು, ಹಾಸು."

"ನೂಲಿಲ್ದೆ ನೇಯೋನು ಇಡೀ ಜಿಲ್ಲೆಗೆ ನಾನೊಬ್ನೇ ಅಂತ ಬೋರ್ಡ್ ಹಾಕ್ಸಲಾ ಹಂಗಾದ್ರೆ?"

ಅವರ ನಗು ಮೇಲಿನ ಅಡುಗೆಮನೆಗೂ ಕೇಳಿತು.

ಮುಂದಿನ ದಿನಗಳಲ್ಲಿ ಮಾವನಿಗೆ ಅದೊಂದೇ ಕೆಲಸ. ತಂಬಿಗೆ ತುಂಬ ನೀರು, ಕೈಯಲ್ಲಿ ಬೇವಿನ ಸೊಪ್ಪಿನ ಕಟ್ಟು. ಅದ್ದುವುದು, ಗೋಡೆಗೆ ಚಿಮುಕಿಸುವುದು. ಗೋಡೆ ಬೆಳ್ಳಗಾಗುತ್ತಿದ್ದಂತೆ ಮತ್ತೆ. ತಾಯಿ ಸತ್ತ ಮರಿಗೆ ಹಾಲು ಕುಡಿಸುವಾಗ ಅವರು ಮಾಡುತ್ತಿದ್ದ ಒಂದು ದನಿಯಿತ್ತು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಚ್ಚ ಚ್ಚ ಎನ್ನುವುದು. ಗೋಡೆಗೂ ಅದೇ. "ಕುಡಿ, ಕುಡಿ. ಹೊಟ್ಟೆ ತುಂಬ ಕುಡಿ." ಕೆಲವೊಮ್ಮೆ ಗೋಡೆಗೆ ಕೆನ್ನೆ ಇಟ್ಟು ನಿಲ್ಲುವರು. ಕುರಿಗೆ ಜ್ವರ ಇದೆಯೇ ಎಂದು ನೋಡುವುದೂ ಹಾಗೆಯೇ ಎಂದು ಭಾಗ್ಯ ಹೇಳಿದಳು. ಮೂಲೆಯ ತೊಟ್ಟಿಯಲ್ಲಿ ಪೈಪಿನ ನೀರು ಸಣ್ಣಗೆ ಸದ್ದು ಮಾಡುತ್ತ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಅದಕ್ಕೊಂದು ಹೂ.

ಗೋಡೆ ಗಟ್ಟಿಯಾಯಿತು. ನೆಲವೂ ಒಣಗಿತು. ಮಗ್ಗಕ್ಕೆ ಗುಣಿ ಮಾತ್ರ ಇಲ್ಲ. ಇದಕ್ಕೆ ಉಪಾಯ ಹೇಳಿದವರು ತಿಪ್ಪೇಶ. ಶಾಲೆಯ ಮೈದಾನದಲ್ಲಿ ಗೆದ್ದ ಮಕ್ಕಳನ್ನು ನಿಲ್ಲಿಸಲು ಕಟ್ಟೆ ಕಟ್ಟಿಸಿದ್ದವರು ಅವರು. "ಗುಣಿ ಯಾಕೆ ತೋಡಬೇಕು? ನೆಲಾನೇ ಎತ್ತರಿಸಾಣ" ಎಂದು ಸಿಮೆಂಟು ಇಟ್ಟಿಗೆ ತರಿಸಿ, ನಡುವೆ ಕಾಲು ಇಳಿಬಿಡಲು ಜಾಗ ಬಿಟ್ಟು, ಸುತ್ತ ಕಟ್ಟೆ ಏರಿಸಿದರು. ಮಾವ ಹತ್ತಿ ಕೂತು, ಕಾಲು ಇಳಿಬಿಟ್ಟು, ಹಲಗೆ ತುಳಿದು ನೋಡಿದರು.

"ಹೆಂಗೈತಪ್ಪ?"

"ಐತೆ. ಫಸ್ಟ್ ಪ್ರೈಜ್ ಬಂದಂಗೆ ಐತೆ." ಆಮೇಲೆ ಕಾಲು ಆಡಿಸುತ್ತ, "ತಣ್ಣಗಿಲ್ಲ, ಅಷ್ಟೇ" ಎಂದರು.

ಸದ್ದು ಮತ್ತೆ ಶುರುವಾಯಿತು. ಬೂಷ್ಟು ಬಂದ ಕಡೆ ನೂಲನ್ನು ಒರೆಸಿ, ಹೊಸ ಗಂಜಿ ಕೊಟ್ಟು, ಚಪ್ಪರ ಹಾಕುವ ದಿನ ಬೆಳಿಗ್ಗೆ ಕಂಬಳಿಯನ್ನು ಮಗ್ಗದಿಂದ ಕತ್ತರಿಸಿದರು. ಹೆಗಲ ಮೇಲೆ ಹೊತ್ತು ತಾವೇ ಬಸ್ಸಿನಲ್ಲಿ ಹಿರಿಯೂರಿಗೆ ತಂದರು. ಕಾರಿನಲ್ಲಿ ಸಾಮಾನಿನ ಜೊತೆ ಇಡಲು ಒಪ್ಪಲಿಲ್ಲ. ಶಾಸ್ತ್ರಕ್ಕೆ ಹಾಸಿದಾಗ ಭಾಗ್ಯ ಅದರ ಮೇಲೆ ಕೂತು, ಕೈಯನ್ನು ಪಕ್ಕದಲ್ಲಿ ಊರಿ, ಮೆಲ್ಲಗೆ ನನ್ನ ಕಡೆ ಬಾಗಿದಳು.

"ಅತ್ಗೆ, ಕಂಬಳಿ ಸಿಮೆಂಟ್ ವಾಸ್ನೆ ಬರ್ತೈತೆ."

"ಸುಮ್ನಿರು. ನಿಮ್ಮವ್ವನ ಹತ್ರ ಹೇಳ್ತೀನಿ" ಎಂದೆ. ಯಾಕೆ ಹಾಗೆ ಅಂದೆನೋ. ಅವಳು ತಲೆ ತಗ್ಗಿಸಿ, ಕಂಬಳಿಯನ್ನು ಅಂಗೈಯಲ್ಲಿ ಸವರುತ್ತ ಕೂತಳು.

ಅಂದಿನಿಂದ ಎಷ್ಟೋ ಜನರಿಗೆ ಈ ಕಥೆ ಹೇಳಿದ್ದೇನೆ. ಹೇಳುವಾಗೆಲ್ಲ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದೆ: ಆ ಕಂಬಳಿಯ ನಡುವೆ ಒಂದು ಗೆರೆ ಇದೆ, ನೀರು ಬಂದು ನೇಯ್ಗೆ ನಿಂತ ಜಾಗ, ಅಲ್ಲಿಂದಾಚೆ ನೇಯ್ಗೆ ಸ್ವಲ್ಪ ದಪ್ಪ. ಹೊಳಲ್ಕೆರೆಯ ಆ ವಾಸನೆ ಮೂಗಿಗೆ ಹತ್ತಿದ ಮೇಲೆ ಆ ಗೆರೆಯನ್ನು ಮತ್ತೊಮ್ಮೆ ನೋಡಬೇಕೆನಿಸಿತು. ಭಾನುವಾರ ಹಿರಿಯೂರಿಗೆ ಹೋದೆ.

ಮಾವ ಈಗ ಭಾಗ್ಯಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾದ ಮೇಲೆ ಮಗ್ಗ ಬಿಟ್ಟರು. ಭಾಗ್ಯಳ ಗಂಡನ ಮನೆಯಲ್ಲಿ ಕುರಿಗಳಿವೆ, ಅವುಗಳ ಸದ್ದು ಕೇಳಿದರೆ ನಿದ್ದೆ ಬರುತ್ತದಂತೆ. ಭಾಗ್ಯ ಬೀರುವಿನಿಂದ ಕಂಬಳಿ ತೆಗೆದು ಮಂಚದ ಮೇಲೆ ಹರಡಿದಳು. ನಾನು ಬೆಳಕಿಗೆ ಹಿಡಿದು ನೋಡಿದೆ, ಕಣ್ಣು ಮುಚ್ಚಿ ಬೆರಳಾಡಿಸಿದೆ, ತಿರುವಿ ಹಾಕಿ ನೋಡಿದೆ. ಈ ತುದಿಯಿಂದ ಆ ತುದಿಗೆ ಒಂದೇ ಸಮ.

"ಯಾವ ಗೆರೆ ಅತ್ಗೆ? ಇದ್ರಾಗೆ ಯಾವತ್ತೂ ಇರ್ಲಿಲ್ಲ," ಎಂದಳು ಭಾಗ್ಯ. "ಗೆರೆ ಇರೋದು ನಿಮ್ಮನೆ ಗ್ವಾಡ್ಯಾಗಲ್ವಾ? ಅಪ್ಪ ಬಳಿದಿದ್ದು."

ಹೌದು. ಗೋಡೆಯಲ್ಲಿದ್ದ ಗೆರೆಯನ್ನು ಎತ್ತಿ ನಾನು ಕಂಬಳಿಯಲ್ಲಿ ಇಟ್ಟಿದ್ದೆ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ. ನಾಚಿಕೆಯಾಯಿತು, ನಗುವೂ ಬಂತು.

ಜಗಲಿಯಲ್ಲಿದ್ದ ಮಾವ ನನ್ನ ದನಿ ಗುರುತು ಹಿಡಿದು ಕರೆದರು. ಹತ್ತಿರ ಕೂತೆ. ಕೈ ಹಿಡಿದುಕೊಂಡರು. ಈಚೆಗೆ ಅವರಿಗೆ ನಿನ್ನೆಯದು, ಹೋದ ವರ್ಷದ್ದು ಎಲ್ಲ ಕಲೆಸಿಹೋಗುತ್ತದೆ.

"ಗ್ವಾಡೆ ಹೆಂಗೈತವ್ವ?"

"ಚೆನ್ನಾಗೈತೆ ಮಾವ."

"ಬೆಂಕಿ ಗಿಂಕಿ ಹಾಕ್ಬ್ಯಾಡ್ರಿ ಮತ್ತೆ. ನೀರು ಕುಡಿಸ್ತಾ ಇದೀಯಾ ದಿನಾ?"

ಭಾಗ್ಯ ಏನೋ ಹೇಳಲು ಬಾಯಿ ತೆರೆದಳು. ಗೋಡೆ ಗಟ್ಟಿಯಾಗಿ ವರ್ಷಗಳಾದವು, ಅದಕ್ಕಿನ್ನು ನೀರು ಬೇಡ ಎಂದು ಹೇಳಬಹುದಿತ್ತು. ಅದೇ ಸತ್ಯ. ಅರ್ಧ ಗಂಟೆ ಹಿಂದೆಯಷ್ಟೇ ನನ್ನ ನೆನಪನ್ನು ತಿದ್ದಿಕೊಂಡವಳು ನಾನು.

"ಕುಡಿಸ್ತಾ ಇದೀನಿ ಮಾವ," ಎಂದೆ.

"ಇನ್ನೊಂದು ನಾಕು ದಿನ ಕುಡಿಸವ್ವ. ಆಮ್ಯಾಲೆ ಮಗ್ಗ ಹೂಡಾಣ."

ಸಂಜೆ ಮನೆಗೆ ಬಂದು ಸೀರೆ ಕೂಡ ಬದಲಿಸದೆ ಕೆಳಗಿಳಿದೆ. ಹಿತ್ತಲ ಬೇವಿನಿಂದ ಒಂದು ಗೊಂಚಲು ಮುರಿದು ತಂದಿದ್ದೆ. ಗೋಡೆ ಬೆಳ್ಳಗೆ ಒಣಗಿತ್ತು. ಗೆರೆ ಅಲ್ಲೇ ಇತ್ತು, ಬಲಗಡೆ ಸ್ವಲ್ಪ ದಪ್ಪ. ತಂಬಿಗೆಯಲ್ಲಿ ಸೊಪ್ಪು ಅದ್ದಿ ಚಿಮುಕಿಸಿದೆ. ಗೋಡೆ ಒಂದು ಹನಿಯನ್ನೂ ಕುಡಿಯಲಿಲ್ಲ. ನೀರು ಹನಿಹನಿಯಾಗಿ ಕೂಡಿ, ಗೆರೆ ಹಿಡಿದು ಇಳಿದು, ದುಂಡಗಿನ ಮೂಲೆಯುದ್ದಕ್ಕೂ ಹರಿದು ತೊಟ್ಟಿಗೆ ಬಿತ್ತು. ತಂಬಿಗೆ ಖಾಲಿಯಾಗುವ ತನಕ ಚಿಮುಕಿಸುತ್ತಲೇ ಇದ್ದೆ.